ಕೆಟ್ಟರೆ ಯಾರನ್ನ ಕೇಳೋದು? ಓಪನ್ ಸೋರ್ಸ್ ಇಸಿಯುವನ್ನು ಪಂದ್ಯಕ್ಕಿಳಿಸಿದ ನನ್ನ ಅನುಭವ

ಇಂಜಿನ್ ನಡೆಸೋ ಕಂಪ್ಯೂಟರ್, ಅಂದರೆ ಇಸಿಯು, ಓಪನ್ ಸೋರ್ಸ್ ಅಂತ ಹೇಳಿ ಹೊಸೂರಿನ ಮೆಕ್ಯಾನಿಕ್‌ಗಳನ್ನು ಒಪ್ಪಿಸೋಕೆ ಆಗಲ್ಲ. ಕೋಡನ್ನು ಯಾರು ಬೇಕಾದರೂ ಓದಬಹುದು, ಬದಲಾಯಿಸಬಹುದು ಅಂದರೆ ತಲೆ ಆಡಿಸುತ್ತಾರೆ, ಟೀ ತರಿಸುತ್ತಾರೆ, ಆಮೇಲೆ ಮುಂದಿನ ಗಾಡಿಯ ಬಾನೆಟ್ ಎತ್ತುತ್ತಾರೆ. ಬಾಗಲೂರು ರೋಡಿನಲ್ಲಿ ಶೆಡ್ ಇಟ್ಟಿರುವ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಬೋರ್ಡನ್ನು ಅತ್ತ ಇತ್ತ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ ಕಣಪ್ಪ, ಇದು ಕೆಟ್ಟರೆ ಯಾರನ್ನ ಕೇಳೋದು?"

ಬಾಯಿಮಾತಿನಲ್ಲಿ ಇದಕ್ಕೆ ಉತ್ತರ ಕೊಟ್ಟರೆ ಯಾರೂ ನಂಬಲ್ಲ. ಅದಕ್ಕೇ ಇಂಥ ಬೋರ್ಡ್ ಹಾಕಿದ ಗಾಡಿಗಳ ಪಂದ್ಯ ಇಟ್ಟೆವು.

ನಾನು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟೂಲ್ ರೂಮ್ ಕೆಲಸದವನು. ಶಿಫ್ಟ್ ಮುಗಿದ ಮೇಲೆ ಇಂಜಿನ್ ಕಂಪ್ಯೂಟರ್ ಜೊತೆ ಗುದ್ದಾಡೋದು ನನ್ನ ಹುಚ್ಚು. ಇಂಜಿನ್ ಎಷ್ಟು ವೇಗದಲ್ಲಿ ತಿರುಗ್ತಿದೆ, ಎಷ್ಟು ಗಾಳಿ ಎಳೀತಿದೆ, ಎಷ್ಟು ಬಿಸಿ ಇದೆ ಅಂತ ನೋಡಿ, ಪೆಟ್ರೋಲ್ ಎಷ್ಟು ಬಿಡಬೇಕು, ಕಿಡಿ ಯಾವಾಗ ಕೊಡಬೇಕು ಅಂತ ನಿರ್ಧರಿಸೋ ಡಬ್ಬಿಯೇ ಇಸಿಯು. ಕಂಪನಿ ಡಬ್ಬಿಯ ಒಳಗೆ ಏನಿದೆ ಅಂತ ನಮಗೆ ಕಾಣಲ್ಲ. ಸ್ಪೀಡುಯಿನೋ, ರಸ್‌ಇಎಫ್‌ಐ ಅನ್ನೋ ಓಪನ್ ಸೋರ್ಸ್ ಇಸಿಯುಗಳದ್ದು ಪೂರ್ತಿ ಕಾಣುತ್ತೆ, ಎರಡೂ ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಪರವಾನಗಿಯಲ್ಲಿವೆ. ಸ್ಪೀಡುಯಿನೋ ಸಾಮಾನ್ಯವಾಗಿ ಓಡೋದು ಆರ್ಡುಯಿನೋ ಮೆಗಾ 2560 ಬೋರ್ಡಿನ ಮೇಲೆ, ಅಂದರೆ 16 ಮೆಗಾಹರ್ಟ್ಸ್‌ನ 8 ಬಿಟ್ ಚಿಪ್. ರಸ್‌ಇಎಫ್‌ಐಗೆ ಇನ್ನೂ ಜೋರಾದ ಎಸ್‌ಟಿಎಂ32 ಚಿಪ್. ನಾವು ಶುರು ಮಾಡಿದ್ದು ಸ್ಪೀಡುಯಿನೋದಿಂದ. ಕಾರಣ ಸರಳ: ಬೋರ್ಡ್ ಸುಟ್ಟುಹೋದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು ಆರ್ಡುಯಿನೋ ತಂದು ಚುಚ್ಚಿದರೆ ಆಯ್ತು. ಹೊಸೂರಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದು.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಪೆಟ್ರೋಲ್, ಕಿಡಿಯ ಲೆಕ್ಕ ಹೊಂದಿಸೋಕೆ, ಅಂದರೆ ಟ್ಯೂನ್ ಮಾಡೋಕೆ, ನಾವು ಬಳಸೋ ಟ್ಯೂನರ್‌ಸ್ಟುಡಿಯೋ ಸಾಫ್ಟ್‌ವೇರ್ ಓಪನ್ ಸೋರ್ಸ್ ಅಲ್ಲ. ಲೈಟ್ ಆವೃತ್ತಿ ಪುಕ್ಕಟೆ, ಜಾಸ್ತಿ ಸೌಲಭ್ಯ ಬೇಕಂದ್ರೆ ದುಡ್ಡು ಕೊಡಬೇಕು. ಇದನ್ನು ಮುಚ್ಚಿಟ್ಟು ಪ್ರಚಾರ ಮಾಡಿದರೆ ಯಾರಾದರೂ ಒಬ್ಬ ಹುಡುಗ ಎದ್ದು ನಿಂತು ಕೇಳೇ ಕೇಳ್ತಾನೆ.

ಪಂದ್ಯದ ಐಡಿಯಾ ನಮ್ಮದಲ್ಲ. ಅಮೆರಿಕದಲ್ಲಿ 2006ರಿಂದ '24 ಅವರ್ಸ್ ಆಫ್ ಲೆಮನ್ಸ್' ಅಂತ ಒಂದು ರೇಸ್ ನಡೀತಿದೆ. 500 ಡಾಲರ್ ಒಳಗಿನ ಗುಜರಿ ಕಾರು ತರಬೇಕು. ಸೇಫ್ಟಿ ಸಾಮಾನು, ಬ್ರೇಕು, ಟೈರು ಆ ಲೆಕ್ಕಕ್ಕೆ ಸೇರಲ್ಲ. ಜಾಸ್ತಿ ಖರ್ಚು ಮಾಡಿದ್ದೀರಿ ಅಂತ ಜಡ್ಜ್‌ಗಳಿಗೆ ಅನ್ನಿಸಿದರೆ ಲ್ಯಾಪ್ ಕಡಿತ. ರಸ್‌ಇಎಫ್‌ಐನವರೂ ಅಲ್ಲಿ ಕಾರು ಓಡಿಸಿದ್ದಾರೆ. ಗಂಟೆಗಟ್ಟಲೆ ಗಾಡಿ ಓಡಬೇಕಾದ ಜಾಗದಲ್ಲಿ ಬೋರ್ಡಿನ ಬಣ್ಣ ಬೇಗ ಬಯಲಾಗುತ್ತೆ. ಅದೇ ನನಗೆ ಹಿಡಿಸಿದ್ದು.

ನಮಗೆ ಜಾಗ ಸಿಕ್ಕಿದ್ದು ತಳಿ ಕಡೆಯ ಒಂದು ಲೇಔಟಿನಲ್ಲಿ. ಹೊಸೂರಿನ ಸುತ್ತ ಸೈಟ್ ಮಾರಾಟವಾಗದೆ, ಟಾರು ರಸ್ತೆ ಮಾತ್ರ ಆಗಿ ಬಿದ್ದಿರೋ ಲೇಔಟ್‌ಗಳಿಗೇನು ಬರ, ಅಲ್ವಾ? ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತಗೊಂಡೆವು. ಒಂದು ಸಲಕ್ಕೆ ಒಂದೇ ಗಾಡಿ, ಕೋನ್ ಸುತ್ತಿ ಬರೋದು, ವಾಚಿನಲ್ಲಿ ಟೈಮ್. ಹೆಲ್ಮೆಟ್, ಬೆಂಕಿ ಆರಿಸೋ ಸಿಲಿಂಡರ್, ಹೊರಗಿಂದ ಒತ್ತೋ ಕಿಲ್ ಸ್ವಿಚ್ ಕಡ್ಡಾಯ. ಇಂಜಿನ್ ನಿಂತರೆ ಪೆಟ್ರೋಲ್ ಪಂಪ್ ತಾನಾಗಿ ನಿಲ್ಲಬೇಕು, ಅದನ್ನು ನಮ್ಮೆದುರಿಗೇ ತೋರಿಸಬೇಕು. ಆಂಬುಲೆನ್ಸ್ ಇಲ್ಲದೆ ಒಂದು ಗಾಡಿಯೂ ಸ್ಟಾರ್ಟ್ ಆಗಬಾರದು. ಗಾಡಿಗಳನ್ನು ಓಡಿಸಿಕೊಂಡು ಬರೋ ಹಾಗಿಲ್ಲ, ಹೇರಿಕೊಂಡೇ ಬರಬೇಕು. ಕಂಪನಿ ಕೊಟ್ಟ ರೂಪ ಬದಲಾಯಿಸಿದ ಗಾಡಿ ರಸ್ತೆಗಿಳಿಸುವಂತಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮದು ರಸ್ತೆಯ ಆಟ ಅಲ್ಲ.

ಇಸಿಯು, ಸೆನ್ಸರ್, ವೈರಿಂಗ್ ಎಲ್ಲಾ ಸೇರಿ 15,000 ರೂಪಾಯಿ ದಾಟಬಾರದು ಅಂತ ಮಿತಿ ಇಟ್ಟೆವು. ಬಿಲ್ ಇಲ್ಲದಿದ್ದರೆ ಗುಜರಿ ರೇಟು ನಾವೇ ಕಟ್ಟುತ್ತಿದ್ದೆವು, ಅದರ ಜಗಳವೇ ಒಂದು ಮಜಾ. ವೈಡ್‌ಬ್ಯಾಂಡ್ ಮೀಟರ್ ಮಾತ್ರ ಲೆಕ್ಕದಿಂದ ಹೊರಗೆ. ಸೈಲೆನ್ಸರ್ ಹೊಗೆ ನೋಡಿ ಗಾಳಿ-ಪೆಟ್ರೋಲ್ ಹದ ಹೇಳೋ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಮತ್ತು ಅದರ ಕಂಟ್ರೋಲರ್ ಕೊಂಡರೆ ಆ ಮಿತಿಯ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ಹಾಗಾಗಿ ಎಲ್ಲರೂ ಎಕ್ಸಾಸ್ಟ್ ಪೈಪಿಗೆ ಎಂ18 ಥ್ರೆಡ್‌ನ ಒಂದು ನಟ್ ಬೆಸುಗೆ ಹಾಕಿಸಿಕೊಂಡು ಬನ್ನಿ, ಮೀಟರ್ ನಮ್ಮದು, ಸರದಿಯಲ್ಲಿ ಬಳಸಿ ಅಂದೆವು. ಒಂದೇ ಮೀಟರ್ ಆದ್ದರಿಂದ ಸರದಿ ಕಾಯೋರು ಮುಂದಿನ ಗಾಡಿಯ ಲ್ಯಾಪ್‌ಟಾಪ್ ಇಣುಕಿ ನೋಡಲೇಬೇಕಾಯ್ತು. ಮೀಟರ್ ತೋರಿಸೋದು ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ. ಫುಲ್ ಎಕ್ಸಿಲರೇಟರ್‌ನಲ್ಲಿ 12.5ರಿಂದ 13ರ ಹತ್ತಿರ ಇರಬೇಕಾದ್ದು 15 ತೋರಿಸಿದರೆ, ಅಂದರೆ ಪೆಟ್ರೋಲ್ ಕಮ್ಮಿಯಾಗಿ ಲೀನ್ ಆದರೆ, ಪಕ್ಕದವನೇ ಕೂಗುತ್ತಿದ್ದ: "ಅಣ್ಣಾ, ಬಿಡು ಬಿಡು, ಲೀನ್ ಆಗ್ತಿದೆ!"

ಇನ್ನೊಂದು ನಿಯಮಕ್ಕೆ ಜಾಸ್ತಿ ವಿರೋಧ ಬಂತು. ಓಡಿಸೋಕೆ ಮುಂಚೆ ಟ್ಯೂನ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ನಮಗೆ ಕೊಡಬೇಕು, ಪಂದ್ಯ ಮುಗಿದ ಮೇಲೆ ಯಾರು ಕೇಳಿದರೂ ನಾವು ಅದನ್ನು ಕೊಡ್ತೀವಿ. "ರಾತ್ರಿಯೆಲ್ಲಾ ಕೂತು ನಾನು ಮಾಡಿದ್ದನ್ನ ಅವನಿಗ್ಯಾಕೆ ಕೊಡಲಿ" ಅಂತ ಕೇಳಿದವರಿದ್ದಾರೆ. ಹಾಗಾದರೆ ನೀವು ಶುರು ಮಾಡಿದ್ದು ಯಾರ ಫೈಲಿನಿಂದ ಅಂತ ನಾವೂ ಕೇಳ್ತಿದ್ದೆವು. ಇದೊಂದು ನಿಯಮ ಸಡಿಲ ಬಿಟ್ಟಿದ್ದರೆ ಪಂದ್ಯ ಸುಮ್ನೆ ಇನ್ನೊಂದು ಗಾಡಿ ಓಡಿಸೋ ಜಾತ್ರೆ ಆಗ್ತಿತ್ತು.

ಒಟ್ಟು ಪಾಯಿಂಟಿನಲ್ಲಿ ಓಟದ ಟೈಮಿಗೆ ಅರ್ಧ ಮಾತ್ರ ಇಟ್ಟೆವು. ಜನ ಸೇರೋದು ಓಟಕ್ಕೇ, ನಿಜ. ಆದರೆ ಮೆಕ್ಯಾನಿಕ್ ನೋಡೋದು ಬೇರೆ. ಬೆಳಿಗ್ಗೆ ಗಿರಾಕಿ ಫೋನ್ ಮಾಡಿ "ಸೆಲ್ಫ್ ಹೊಡೆದ್ರೆ ಹಿಡೀತಿಲ್ಲ" ಅನ್ನಬಾರದು, ಅವನಿಗೆ ಅಷ್ಟು ಸಾಕು. ಹಾಗಾಗಿ ಮೊದಲ ಸುತ್ತೇ ಕೋಲ್ಡ್ ಸ್ಟಾರ್ಟ್. ಗಾಡಿಗಳು ರಾತ್ರಿಯೇ ಮೈದಾನದಲ್ಲಿರಬೇಕು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್ ಬೆಳಗಿನ ಚಳಿ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಎಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಆಗಬೇಕು. ಹೆಡ್‌ಲೈಟ್, ಬ್ಲೋಯರ್ ಎಲ್ಲಾ ಹಾಕಿ ಐದು ನಿಮಿಷ ಐಡ್ಲಿಂಗ್‌ನಲ್ಲಿ ನಿಲ್ಲಬೇಕು. ಕ್ರ್ಯಾಂಕಿಂಗ್ ಪೆಟ್ರೋಲ್, ಸ್ಟಾರ್ಟ್ ಆದ ಕೂಡಲೇ ಕೊಡೋ ಜಾಸ್ತಿ ಪೆಟ್ರೋಲ್, ಬಿಸಿಯಾಗೋ ತನಕ ಅದನ್ನು ಇಳಿಸಿಕೊಂಡು ಹೋಗೋ ಕರ್ವ್, ಈ ಮೂರನ್ನೂ ಕೂಡಿಸಿ ಹೊಂದಿಸಿದವನ ಗಾಡಿ ಮಾತ್ರ ನಿಲ್ಲುತ್ತೆ. ಸ್ಪೀಡಿನಲ್ಲಿ ಮೊದಲು ಬರ್ತೀನಿ ಅಂತ ಬಂದ ಎಷ್ಟೋ ಹುಡುಗರು ಬೆಳಿಗ್ಗೆ ಏಳಕ್ಕೇ ಪಾಯಿಂಟ್ ಕಳಕೊಂಡರು. ಸೈಲೆನ್ಸರ್‌ನಲ್ಲಿ ಪಟಪಟ ಸದ್ದು, ಬೆಂಕಿ ಬರಿಸಿದವರಿಗೆ ಮೈನಸ್ ಪಾಯಿಂಟ್ ಬೇರೆ. ಪಟಾಕಿ ಹೊಡೆಯೋಕೆ ದೀಪಾವಳಿ ಇದೆ.

ಈ ಎತ್ತರದ ಇನ್ನೊಂದು ಗಮ್ಮತ್ತು ಹೇಳಬೇಕು. ಇಂಜಿನ್ ಎಳೆಯೋ ಗಾಳಿಯ ಒತ್ತಡ ಅಳೆಯೋದು ಮ್ಯಾಪ್ ಸೆನ್ಸರ್. ಕೀ ಹಾಕಿ ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಅದು ಹೊರಗಿನ ಗಾಳಿಯ ಒತ್ತಡ ತೋರಿಸುತ್ತೆ. ಹೊಸೂರಿನಲ್ಲಿ ಅದು 91 ಕಿಲೋಪಾಸ್ಕಲ್ ಆಸುಪಾಸು. ಹೊಸಬರು 100 ಬರಬೇಕಲ್ವಾ, ಸೆನ್ಸರ್ ಹೋಗಿದೆ ಅಂತ ಬಿಚ್ಚೋಕೆ ಕೂರ್ತಾರೆ. ಸೆನ್ಸರ್ ಸರಿಯಾಗಿಯೇ ಇದೆ, ನಾವೇ ಮೇಲಿದ್ದೀವಿ. ಅದೇ ಗಾಡಿಯನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಇಳಿಸಿದರೆ 101ರ ಹತ್ತಿರ ತೋರಿಸುತ್ತೆ. ಈ ಲೆಕ್ಕ ಬೋರ್ಡಿಗೆ ಗೊತ್ತಿರಬೇಕು, ಬ್ಯಾರೋ ಕರೆಕ್ಷನ್ ಹೊಂದಿಸೋದು ಅದಕ್ಕೇ.

ಎಲ್ಲರನ್ನೂ ಹಿಡಿದು ನಿಲ್ಲಿಸಿದ್ದು 'ತಪ್ಪು ಹುಡುಕು' ಸುತ್ತು. ನಮ್ಮದೇ ಒಂದು ಹಳೇ ಮಾರುತಿ ಎಸ್ಟೀಮ್ ಅದಕ್ಕೆ ಮೀಸಲು. ಕಂಪನಿ ಇಸಿಯು ಹೋಗಿ, ಬದಲಿ ಸಿಗದೆ, ತೂಕಕ್ಕೆ ಹಾಕೋ ಸ್ಥಿತಿಯಲ್ಲಿದ್ದ ಗಾಡಿ. ಕ್ರ್ಯಾಂಕ್ ಪುಲ್ಲಿಗೆ 36-1 ಟ್ರಿಗರ್ ವೀಲ್ ಕೂರಿಸಿದ್ದೆವು. 36 ಹಲ್ಲಿನ ಜಾಗ, ಅದರಲ್ಲಿ ಒಂದು ಹಲ್ಲು ಇಲ್ಲ. ಒಂದೊಂದು ಹಲ್ಲಿಗೆ 10 ಡಿಗ್ರಿ, ಆ ಖಾಲಿ ಜಾಗ ಬಂದಾಗ ಇಂಜಿನ್ ಎಲ್ಲಿದೆ ಅಂತ ಬೋರ್ಡಿಗೆ ಗೊತ್ತಾಗುತ್ತೆ. ಲೇಸರ್ ಕಟಿಂಗ್ ಅಂಗಡಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ, ಡ್ರಾಯಿಂಗ್ ಕೊಟ್ಟರೆ ಸಂಜೆಗೆ ವೀಲ್ ಕೈಯಲ್ಲಿ. ಕಿಡಿಗೆ ಎರಡು ಡಬಲ್ ಕಾಯಿಲ್.

ನಾವು ಕದ್ದು ಒಂದು ದೋಷ ಇಡ್ತಿದ್ದೆವು, ಇಪ್ಪತ್ತು ನಿಮಿಷದಲ್ಲಿ ಅದನ್ನು ಹುಡುಕಬೇಕು. ಒಮ್ಮೆ ಆ ಹಲ್ಲು ನೋಡೋ ಸೆನ್ಸರ್, ಅಂದರೆ ಕ್ರ್ಯಾಂಕ್ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿದ್ದೆವು. ಗಾಡಿ ಸ್ಟಾರ್ಟ್ ಆಗುತ್ತೆ, ಐಡ್ಲಿಂಗ್ ಪರವಾಗಿಲ್ಲ, ಎಕ್ಸಿಲರೇಟರ್ ಕೊಟ್ಟರೆ ಸತ್ತ ಹಾಗೆ. ಕಾಲೇಜು ಹುಡುಗರು ಲ್ಯಾಪ್‌ಟಾಪ್ ಸುತ್ತ ಮುತ್ತಿಕೊಂಡು ಪೆಟ್ರೋಲ್ ಟೇಬಲ್ ತಿದ್ದುತ್ತಾ ಕೂತರು. ಬಾಗಲೂರು ರೋಡಿನ ಆ ಹಿರಿಯ ಮೆಕ್ಯಾನಿಕ್, ನಮ್ಮ ಮೇಷ್ಟ್ರು (ಎಲ್ಲರೂ ಅವರನ್ನು ಹಾಗೇ ಕರೆಯೋದು) ಸ್ಕ್ರೀನ್ ಕಡೆ ನೋಡಲೇ ಇಲ್ಲ. "ಟೈಮಿಂಗ್ 10ಕ್ಕೆ ಲಾಕ್ ಮಾಡಪ್ಪ" ಅಂತ ಹುಡುಗನಿಗೆ ಹೇಳಿ, ಕಿಡಿ ಬಿದ್ದಾಗಲೆಲ್ಲಾ ಮಿನುಗೋ ತಮ್ಮ ಟೈಮಿಂಗ್ ಲೈಟ್ ತಂದು ಪುಲ್ಲಿ ಮೇಲೆ ಹಿಡಿದರು. ಸ್ಕ್ರೀನ್ ಮೇಲೆ 10 ಡಿಗ್ರಿ ಅಲ್ಲಾಡದೆ ನಿಂತಿದೆ. ಪುಲ್ಲಿ ಮೇಲಿನ ಗುರುತು ಮಾತ್ರ ಆರ್‌ಪಿಎಂ ಏರಿದ ಹಾಗೆ ಸರೀತಾ ಹೋಯ್ತು. "ಇದಕ್ಕೆ ಪೆಟ್ರೋಲ್ ಏನ್ ಮಾಡುತ್ತೆ? ಪಿಕಪ್ ನೋಡ್ರೋ" ಅಂದರು. ಹುಡುಗರು ವೈರ್ ತಿರುಗಿಸಿದರು, ಗುರುತು ನಿಂತಲ್ಲೇ ನಿಂತಿತು.

ಅವತ್ತಿನಿಂದ ಇದು ಕೆಟ್ಟರೆ ಯಾರನ್ನ ಕೇಳೋದು ಅಂದರೆ ನಾವು ಮೇಷ್ಟ್ರನ್ನೇ ತೋರಿಸ್ತೀವಿ. ಅವರಿಗೂ ಅದು ಖುಷಿಯೇ. ಕೋಡ್ ಅವರು ಓದಲ್ಲ, ಓದೋ ಅಗತ್ಯವೂ ಇಲ್ಲ. ಓದೋ ಹುಡುಗ ಅವರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರ್ತಾನೆ.

ನಮ್ಮ ಲೇಔಟ್ ಬಿಟ್ಟು ಹೊರಗೂ ಹೋದೆವು. ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಮಾಡಿಸಿಕೊಂಡು ಆಟೋಕ್ರಾಸ್ ಅನ್ನೋ ಕಾರ್ ಪಂದ್ಯಕ್ಕೆ ಎಂಟ್ರಿ ಹಾಕಿದೆವು. ಹಾಗೆ ಹೋಗೋರು ರೂಲ್‌ಬುಕ್ ಮೊದಲು ಓದಿ: ಸ್ಟಾಕ್ ಕ್ಲಾಸ್‌ಗಳಲ್ಲಿ ಇಸಿಯು ಬದಲಾಯಿಸೋಕೆ ಬಿಡಲ್ಲ, ಓಪನ್ ಕ್ಲಾಸ್ ನೋಡಬೇಕು. ಅಲ್ಲಿ ನಮ್ಮ ಗಾಡಿ 4,000 ಆರ್‌ಪಿಎಂ ದಾಟಿದರೆ ಕೆಮ್ಮೋಕೆ ಶುರು ಮಾಡಿತು. ಬೋರ್ಡ್ ಬರೆದಿಟ್ಟ ಲಾಗ್ ತೆಗೆದು ನೋಡಿದರೆ ಸಿಂಕ್ ಲಾಸ್ ಲೆಕ್ಕ ಏರ್ತಾ ಇದೆ, ಅಂದರೆ ಬೋರ್ಡಿಗೆ ಹಲ್ಲು ಎಣಿಸೋದು ತಪ್ಪುತ್ತಿದೆ. ಹಿಂದಿನ ದಿನ ಸರ್ವಿಸ್‌ನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಗಿತ್ತು. ಎನ್‌ಜಿಕೆ ಪ್ಲಗ್‌ನ ನಂಬರ್‌ನಲ್ಲಿ ಆರ್ ಅಕ್ಷರ ಇದ್ದರೆ ಒಳಗೆ ಕಿಡಿಯ ವಿದ್ಯುತ್ ಗಲಾಟೆ ತಗ್ಗಿಸೋ ರೆಸಿಸ್ಟರ್ ಇದೆ ಅಂತ. ಹೊಸದರಲ್ಲಿ ಆರ್ ಇರಲಿಲ್ಲ. ಕಿಡಿಯ ಗಲಾಟೆ ಪಿಕಪ್ ವೈರಿಗೆ ಹತ್ತಿಕೊಂಡಿತ್ತು. ಪಕ್ಕದ ಟೀಮಿನ ಮೆಕ್ಯಾನಿಕ್ ತಮಿಳಿನಲ್ಲಿ ನಗ್ತಾ ನಿಂತಿದ್ದರು, ಲಾಗ್ ನೋಡಿ ಸುಮ್ಮನಾದರು, ಆಮೇಲೆ ತಮ್ಮ ಪೆಟ್ಟಿಗೆಯಿಂದಲೇ ಒಂದು ಸೆಟ್ ಆರ್ ಪ್ಲಗ್ ತೆಗೆದುಕೊಟ್ಟರು. ಟ್ರೋಫಿ ಬರಲಿಲ್ಲ. ಆದರೆ ಆ ಲಾಗ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದವರು, ನಮ್ಮ ಒಳ್ಳೇ ಓಟಗಳ ಫೈಲ್ ಕೇಳಿದವರಿಗಿಂತ ಜಾಸ್ತಿ. ಏನು ಕೆಟ್ಟಿತು, ಎಲ್ಲಿ ಕಾಣಿಸಿತು ಅನ್ನೋದು ಅವರಿಗೆ ಬೇಕು. ಹಾಗಾಗಿ ಸೋತ ಗಾಡಿಯ ಲಾಗನ್ನು ನಾವು ಮೊದಲು ತೋರಿಸ್ತೀವಿ.

ವಿದ್ಯಾರ್ಥಿಗಳದ್ದು ಬೇರೆ ಲೆಕ್ಕ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯೋ ಫಾರ್ಮುಲಾ ಭಾರತ್ ಅನ್ನೋ ಕಾಲೇಜು ಹುಡುಗರ ಸ್ಪರ್ಧೆಗೆ ಕಾರು ಕಟ್ಟೋರು ನಮ್ಮ ಕಡೆ ಬರ್ತಾರೆ. ಪೆಟ್ರೋಲ್ ಕಾರಿಗೆ ಅಲ್ಲಿ ಇಂಜಿನ್ ಗಾಳಿಯೆಲ್ಲಾ 20 ಮಿಲಿಮೀಟರ್ ತೂತಿನಲ್ಲೇ ಹೋಗಬೇಕು. ಬೈಕಿನ ಇಂಜಿನ್ನಿಗೆ ಹೀಗೆ ಉಸಿರು ಕಟ್ಟಿಸಿದರೆ ಕಂಪನಿಯ ಟ್ಯೂನ್ ಕೆಲಸಕ್ಕೆ ಬರಲ್ಲ. ಕೆಟಿಎಂ 390ರ 373 ಸಿಸಿ ಇಂಜಿನ್ ಹಾಕೋರು ಹೆಚ್ಚು, ಅದು ಒಂಟಿ ಸಿಲಿಂಡರ್. ಮ್ಯಾಪ್ ಸೆನ್ಸರ್ ಸೂಜಿ ಕುಣಿದ ಹಾಗೆ ಕುಣಿಯುತ್ತೆ, ಸರಾಸರಿ ತಗೊಂಡರೆ ಪ್ರಯೋಜನ ಇಲ್ಲ. ಸ್ಪೀಡುಯಿನೋದಲ್ಲಿ ಒಂದು ಸೈಕಲ್ಲಿನ ಕನಿಷ್ಠ ಒತ್ತಡ ಮಾತ್ರ ಹಿಡಿಯೋ ಆಯ್ಕೆ ಇದೆ. ಅದೂ ಆಗದಿದ್ದರೆ ಥ್ರಾಟಲ್ ಎಷ್ಟು ತೆರೆದಿದೆ ಅಂತ ನೋಡಿ ಪೆಟ್ರೋಲ್ ಕೊಡೋ ಆಲ್ಫಾ-ಎನ್. ಡಿಸೈನ್ ಇವೆಂಟ್‌ನಲ್ಲಿ ಜಡ್ಜ್ "ಇದನ್ನೇ ಯಾಕೆ ಆರಿಸಿದ್ರಿ?" ಅಂತ ಕೇಳಿದಾಗ, ಕೋಡಿನ ಆ ಜಾಗಕ್ಕೆ ಬೆರಳಿಟ್ಟು ತೋರಿಸೋ ಹುಡುಗನಿಗೆ ಭಯ ಇರಲ್ಲ. ದುಬಾರಿ ಡಬ್ಬಿ ಕೊಂಡು ತಂದವನಿಗೆ ಅಲ್ಲೇ ಬೆವರು.

ಇಷ್ಟಾದರೂ ಎಲ್ಲರಿಗೂ ಇದು ಬೇಕು ಅಂತ ನಾನು ಹೇಳಲ್ಲ. ಸೋಲ್ಡರಿಂಗ್ ಹಿಡಿಯೋಕೆ ಮನಸ್ಸಿಲ್ಲದವರು, ಮೀಟರ್ ಇಲ್ಲದೆ ಅಂದಾಜಿನಲ್ಲಿ ಟ್ಯೂನ್ ಮಾಡ್ತೀನಿ ಅನ್ನೋರು ದೂರ ಇರೋದೇ ಒಳ್ಳೇದು. ಲೀನ್‌ನಲ್ಲಿ ಜೋರು ಓಡಿಸಿ ಪಿಸ್ಟನ್ ತೂತು ಮಾಡಿಕೊಂಡರೆ ಹೆಸರು ಕೆಡೋದು ಬೋರ್ಡಿಂದು.

ಮುಂದಿನ ಸಲ ಬೈಕಿಗೆ ಬೇರೆ ಕ್ಲಾಸ್ ಇಡ್ತಿದ್ದೀವಿ, ಮಿತಿ 8,000 ರೂಪಾಯಿ. 'ತಪ್ಪು ಹುಡುಕು' ಸುತ್ತಿನ ದೋಷ ಇಡೋ ಕೆಲಸ ಈ ಸಲ ಮೇಷ್ಟ್ರದ್ದು, ಏನಿಡ್ತಾರೆ ಅಂತ ನಮಗೂ ಹೇಳಿಲ್ಲ. ಎಂಟ್ರಿ ಫೀಸ್ ಇಲ್ಲ. ಹೆಲ್ಮೆಟ್, ಬೆಂಕಿ ಆರಿಸೋ ಸಿಲಿಂಡರ್, ಕಿಲ್ ಸ್ವಿಚ್, ಎಂ18 ನಟ್ ಹಾಕಿಸಿದ ಸೈಲೆನ್ಸರ್, ಪೆನ್‌ಡ್ರೈವ್‌ನಲ್ಲಿ ಟ್ಯೂನ್ ಫೈಲ್ ಇಷ್ಟು ತಂದರೆ ಸಾಕು.