ಮೈನಸ್ ಹತ್ತೂವರೆ ನಂಬರ್, ತೆಳು ಕಾರ್ನಿಯಾ: ಲೇಸರ್ ಆಗಲ್ಲ ಅಂದ್ಮೇಲೆ ನಾನು ಮಾಡಿದ್ದು

ಬಲಗಣ್ಣು ಮೈನಸ್ 10.5, ಎಡಗಣ್ಣು 9.75, ಎರಡ್ರಲ್ಲೂ ಸಿಲಿಂಡರ್ (ಕಾರ್ನಿಯಾ ಒಂದೇ ಸಮ ದುಂಡಗಿಲ್ದೆ ಬರೋ ನಂಬರ್) ಮುಕ್ಕಾಲು. ಈ ನಂಬರ್ ಇಟ್ಕೊಂಡು ಕನ್ನಡಕ ಬಿಡ್ತೀನಿ ಅಂದಾಗ ಮನೇಲಿ ಒಬ್ರೂ ನಂಬ್ಲಿಲ್ಲ. ಆಫೀಸಲ್ಲಿ ಮೈನಸ್ ನಾಲ್ಕು ಇದ್ದವಳು ಲೇಸರ್ ಮಾಡಿಸ್ಕೊಂಡು ಬಂದು "ನಿಂಗಾಗಲ್ಲ ಕಣೆ, ಸುಮ್ನೆ ದುಡ್ಡು ಕಳೀಬೇಡ" ಅಂದ್ಳು. ಲೇಸರ್ ಮಟ್ಟಿಗೆ ಅವಳು ಹೇಳಿದ್ದು ನಿಜವೇ ಆಯ್ತು. ಆದ್ರೆ ಕಣ್ಣೊಳಗೆ ಐಸಿಎಲ್ ಅನ್ನೋ ಲೆನ್ಸ್ ಕೂರಿಸ್ಕೊಂಡು ಹೋದ ಕಾರ್ತೀಕದಿಂದ ನಾನು ಕನ್ನಡಕ ಹಾಕಿಲ್ಲ, ಎರಡೂ ಕಣ್ಣು 6/6 ಓದ್ತಿದೆ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹೆಂಗಿತ್ತೋ ಹಂಗೇ ದಪ್ಪ ಇದೆ. ಇದನ್ನ ನಾನೇ ಲೆಕ್ಕ ಹಾಕಿ, ನಾಲ್ಕು ಕಡೆ ಅಲೆದು ಮಾಡಿಸ್ಕೊಂಡಿದ್ದು, ಅದಕ್ಕೇ ಬರೀತಿದೀನಿ.

ಮೊದಲ ತಪ್ಪು ನಂದೇ. ಒಂಬತ್ತು ವರ್ಷದಿಂದ ಸಾಫ್ಟ್ ಲೆನ್ಸ್ ಹಾಕ್ತಿದ್ದೆ, ಟೆಸ್ಟಿಗೆ ನಾಲ್ಕೇ ದಿನ ಮುಂಚೆ ತೆಗೆದೆ. ಕಾರ್ನಿಯಾ ಆಕಾರ ಅಳೆಯೋ ಪೆಂಟಾಕ್ಯಾಮ್ ಮ್ಯಾಪಲ್ಲಿ ಕೆಳಗಡೆ ಕೆಂಪು ಪಟ್ಟಿ ಬಂತು, ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಉಬ್ಬೋ ಕಾಯಿಲೆ) ಅನುಮಾನ ಅಂತ ಬರೆದು ಕಳಿಸಿದ್ರು. ಆ ರಾತ್ರಿ ನಿದ್ದೆ ಹತ್ಲಿಲ್ಲ. ಆಮೇಲೆ ಮೂರು ವಾರ ಪೂರ್ತಿ ಸೋಡಾ ಬುಡ್ಡಿ ಕನ್ನಡಕದಲ್ಲೇ ಇದ್ದು ಇನ್ನೊಂದು ಕಡೆ ಮಾಡಿಸ್ದೆ, ಆ ಪಟ್ಟಿ ಇರಲೇ ಇಲ್ಲ, ಲೆನ್ಸ್ ಒತ್ತಿ ಒತ್ತಿ ಕಾರ್ನಿಯಾ ಆಕಾರ ಕೆಟ್ಟಿತ್ತು ಅಷ್ಟೆ. ಎರಡೂವರೆ ಸಾವಿರ ನೀರಲ್ಲಿ ಹೋಯ್ತು, ಗಟ್ಟಿ ಲೆನ್ಸ್ ಹಾಕೋರು ಇನ್ನೂ ಜಾಸ್ತಿ ದಿನ ಬಿಡಬೇಕು.

ಎರಡನೇ ಕಡೆಯವರು "ಮಾಡ್ಬೋದು ಮೇಡಂ, ಈ ವಾರ ಆಫರ್ ಇದೆ, ಎರಡೂ ಕಣ್ಣಿಗೆ ಸೇರಿ 55 ಸಾವಿರ" ಅಂದ್ರು. ಖುಷಿಯಾಗಿ ಅಡ್ವಾನ್ಸ್ ಕಟ್ಟೋಳಿದ್ದೆ. ಬಸ್ಸಲ್ಲಿ ಬರ್ತಾ ಅದೇ ರಸೀದಿ ಹಿಂದೆ ಲೆಕ್ಕ ಹಾಕ್ದೆ. ಕನ್ನಡಕದಲ್ಲಿ 10.5 ಅಂದ್ರೆ ಕಾರ್ನಿಯಾ ಮೇಲೆ ಸುಮಾರು 9.3. ಲೇಸರ್ ತಾಗೋ ಆರೂವರೆ ಮಿಲಿಮೀಟರ್ ಜೋನಿಗೆ ಒಂದು ನಂಬರಿಗೆ 14 ಮೈಕ್ರಾನ್ ಹತ್ರ ಹೋಗತ್ತೆ, ಅಲ್ಲಿಗೆ 130. ಲೇಸರಿಗೆ ಮುಂಚೆ ಮೇಲಿಂದ ಕತ್ತರಿಸಿ ಎತ್ತೋ ಪದರ, ಅಂದ್ರೆ ಫ್ಲ್ಯಾಪ್, 105. ನನ್ನ ಕಾರ್ನಿಯಾ ಇದ್ದಿದ್ದೇ 492. ಕಳೆದ್ರೆ ಉಳಿಯೋದು 257! ಕನಿಷ್ಠ 250 ಅಂತಾರೆ ನಿಜ, ಆದ್ರೆ ಎಚ್ಚರ ಇರೋ ಡಾಕ್ಟ್ರು 300 ಹತ್ರ ಕೇಳ್ತಾರೆ. ಶೇಕಡಾವಾರು ನೋಡಿದ್ರೆ ಒಟ್ಟು ದಪ್ಪದಲ್ಲಿ 48 ಭಾಗ ಮುಟ್ಟಿದಂಗೆ, 40 ದಾಟಬಾರ್ದು ಅನ್ನೋದು ರೂಢಿ. ಅಕಸ್ಮಾತ್ ಮುಂದೆ ಕಾರ್ನಿಯಾ ಉಬ್ಬಿದ್ರೆ ಆ 55 ಸಾವಿರದ ಆಫರ್ ಯಾರಿಗೆ ಬೇಕು? ಅಡ್ವಾನ್ಸ್ ಕಟ್ಲಿಲ್ಲ. ನಾನು ಮಾಡಿದ ಒಳ್ಳೆ ಕೆಲಸ ಅಂದ್ರೆ ಅದೇ.

ಮೂರನೇ ಕಡೆ ಫ್ಲ್ಯಾಪ್ ಇಲ್ದೆ ಮೇಲಿಂದಲೇ ಲೇಸರ್ ಹೊಡೆಯೋ ಪಿಆರ್‌ಕೆ ಮಾಡೋಣ ಅಂದ್ರು. ಲೆಕ್ಕದಲ್ಲಿ ಅದು ಚೆನ್ನಾಗೇ ಕೂರತ್ತೆ, ಆದ್ರೆ ಇಷ್ಟು ನಂಬರಿಗೆ ಕಾರ್ನಿಯಾ ಮಂಜು ಕಟ್ಟೋ ಭಯ, ನಂಬರ್ ಸ್ವಲ್ಪ ವಾಪಸ್ ಬರೋ ಭಯ ಎರಡೂ ಇದೆ. ಬೇಡ ಅಂದೆ.

ನಡುವೆ ಒಂದು ಆರು ತಿಂಗಳು ಕಣ್ಣಿನ ವ್ಯಾಯಾಮನೂ ಮಾಡ್ದೆ, ಅತ್ತೆ ಬಲವಂತಕ್ಕೆ. ಬೆಳಗ್ಗೆ ತ್ರಾಟಕ, ಅಂಗೈ ಬಿಸಿ ಮಾಡಿ ಕಣ್ಣಿಗೆ ಮುಚ್ಚೋದು, ದಿನಾ ಕ್ಯಾರೆಟ್. ತಿಂಗಳಿಗೊಂದು ಸಲ ನಂಬರ್ ತೆಗೆಸಿ ಬರೆದಿಟ್ಟೆ, ಕಾಲು ನಂಬರ್ ಹಿಂದೆ ಮುಂದೆ ಆಗಿದ್ದು ಬಿಟ್ರೆ ಏನೂ ಇಲ್ಲ. ಒಂದು ಲಾಭ ಆಯ್ತು, ಆ ಆರು ತಿಂಗಳು ನಂಬರ್ ನಿಂತಿದೆ ಅನ್ನೋಕೆ ಕೈಯಲ್ಲಿ ದಾಖಲೆ ಸಿಕ್ತು. ಇನ್ನೊಂದು, ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿ ನಂಬರ್ ತೆಗೆದಾಗ ಎಡಗಣ್ಣಿನ ಹಳೇ ಕನ್ನಡಕದಲ್ಲಿ ಅರ್ಧ ನಂಬರ್ ಜಾಸ್ತಿ ಇದ್ದಿದ್ದು ಗೊತ್ತಾಯ್ತು. ಈ ಡ್ರಾಪ್ಸ್ ಟೆಸ್ಟ್ ಆಗದೆ ಯಾರ ಹತ್ರನೂ ಆಪರೇಷನ್ನಿಗೆ ಡೇಟ್ ಒಪ್ಕೋಬೇಡಿ.

ನಾಲ್ಕನೇ ಡಾಕ್ಟ್ರೇ ಐಸಿಎಲ್ ಅಂದಿದ್ದು, ಅಂದ್ರೆ ಕಣ್ಣಿನ ಸ್ವಂತ ಲೆನ್ಸ್ ತೆಗೆಯದೆ, ಅದರ ಮುಂದೆ, ಐರಿಸ್ ಹಿಂದೆ ಇನ್ನೊಂದು ಲೆನ್ಸ್ ಕೂರಿಸೋದು. ಮುಂಭಾಗದ ಆಳ (ಕಾರ್ನಿಯಾದಿಂದ ಆ ಲೆನ್ಸಿನವರೆಗಿನ ಜಾಗ) 2.8 ಮಿಲಿಮೀಟರ್ ಬೇಕು, ನಂದು 3.1 ಇತ್ತು. ಎಂಡೋಥೀಲಿಯಲ್ ಕೌಂಟ್, ಅಂದ್ರೆ ಕಾರ್ನಿಯಾ ಒಳಪದರದ ಜೀವಕೋಶಗಳ ಲೆಕ್ಕ, 2,700 ಚಿಲ್ಲರೆ. ಎಲ್ಲಾ ಸರಿ ಅನ್ನೋಷ್ಟರಲ್ಲಿ ಎಡಗಣ್ಣಿನ ರೆಟಿನಾ (ಕಣ್ಣಿನ ಹಿಂದಿನ ಪರದೆ) ಅಂಚಲ್ಲಿ ಲ್ಯಾಟಿಸ್, ಅಂದ್ರೆ ತೆಳುವಾದ ಜಾಗ, ಅದರಲ್ಲೊಂದು ಸಣ್ಣ ತೂತು! ಮೊದ್ಲು ಅದರ ಸುತ್ತ ಲೇಸರಲ್ಲಿ ಬೇಲಿ ಹಾಕ್ಸಿ ಒಂದು ತಿಂಗಳು ಕಾದೆ, ಆರು ಸಾವಿರ ಆಯ್ತು ಅನ್ಸತ್ತೆ. ನಂಬರ್ ಹೋದ್ರೂ ಮೈನಸ್ ನಂಬರಿನ ಉದ್ದದ ಕಣ್ಣು ಉದ್ದದ ಕಣ್ಣೇ, ವರ್ಷಕ್ಕೊಂದ್ಸಲ ರೆಟಿನಾ ತೋರಿಸೋದು ತಪ್ಪಲ್ಲ.

ಸಿಲಿಂಡರನ್ನೂ ಸರಿಮಾಡೋ ಟೋರಿಕ್ ಲೆನ್ಸಿಗೆ ಕಣ್ಣಿಗೆ 20 ಸಾವಿರ ಜಾಸ್ತಿ ಕೇಳಿದ್ರು. ಮುಕ್ಕಾಲು ಸಿಲಿಂಡರಿಗೆ ಅದು ಬೇಡ, ಗೀರು ಹಾಕೋ ಜಾಗ ಸರಿಯಾಗಿ ಆರಿಸ್ಕೊಂಡ್ರೆ ಸಾಕು ಅಂತ ಡಾಕ್ಟ್ರ ಜೊತೆ ಕೂತು ಒಪ್ಪಿಸ್ದೆ. ಒಟ್ಟು 2 ಲಕ್ಷ 30 ಸಾವಿರ. ಆಪರೇಷನ್ ಒಂದೊಂದು ಕಣ್ಣಿಗೆ ಕಾಲು ಗಂಟೆನೂ ಇಲ್ಲ, ಸೂಜಿ ಇಲ್ಲ, ಬರೀ ಡ್ರಾಪ್ಸ್. ಬೆಳಕಿನ ಮಧ್ಯೆ ಲೆನ್ಸ್ ಮಡಿಕೆ ಬಿಚ್ಕೊಂಡಾಗ ನೀರಿಗೆ ಎಣ್ಣೆ ಬಿಟ್ಟಂಗೆ ಎಲ್ಲಾ ಅಲುಗಾಡಿ ನಿಂತು ಬಿಡ್ತು. ಮಾರನೇ ದಿನ ಕುಕ್ಕರ್ ಮುಚ್ಚಳ ತೆಗೆದೆ, ಹಬೆ ಮುಖಕ್ಕೆ ಬಂತು, ಅನ್ನದ ಅಗುಳು ಹಂಗೇ ಕಾಣ್ತಿತ್ತು. ಒಂದು ಕೈ ಮೂಗಿನ ಹತ್ರ ಹೋಗಿ ಕನ್ನಡಕ ಹುಡುಕ್ತು.

ರಾತ್ರಿ ಬೀದಿ ದೀಪದ ಸುತ್ತ ಬಳೆ ಕಾಣೋದು, ಲೆನ್ಸ್ ನಡುವಿನ ಸಣ್ಣ ತೂತಿಂದ. ತುಮಕೂರು ರಸ್ತೇಲಿ ಎರಡು ತಿಂಗಳು ರಾತ್ರಿ ಗಾಡಿ ಮುಟ್ಲಿಲ್ಲ, ಈಗ ಹುಡುಕಿದ್ರೆ ಮಾತ್ರ ಕಾಣತ್ತೆ.

ಇನ್ನು ದುಡ್ಡು. ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ನಿಯಮದಲ್ಲಿ ಹೊರಗಿಟ್ಟಿರೋದು 7.5ಕ್ಕಿಂತ ಕಮ್ಮಿ ನಂಬರನ್ನ ಮಾತ್ರ, ಪಾಲಿಸಿಯಲ್ಲಿ ಎಕ್ಸ್‌ಕ್ಲ್ 15 ಅಂತ ಇರತ್ತೆ ನೋಡಿ. ನಂದು 10.5. ಆದ್ರೂ ಇನ್ಶೂರೆನ್ಸಿನವರು ಚೆಂದಕ್ಕೆ ಮಾಡ್ಸಿದ್ದು ಅಂತ ರಿಜೆಕ್ಟ್ ಮಾಡಿದ್ರು, ಎಚ್‌ಆರ್ ಕೂಡ ಬರಲ್ಲ ಬಿಡಿ ಅಂದ್ರು. ಬಿಡ್ಲಿಲ್ಲ, ಮತ್ತೆ ಬರೆದೆ, ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ ದೂರು ಹಾಕ್ದೆ, ಎರಡೂವರೆ ತಿಂಗಳಿಗೆ 1 ಲಕ್ಷ 70 ಸಾವಿರ ಚಿಲ್ಲರೆ ಬಂತು. ಡಾಕ್ಟ್ರ ಲೆಟರಲ್ಲಿ ಯಾವ ಸಾಲು ಬರೆಸ್ದೆ, ಯಾವ ಕಾಗದ ಮೇಲಿಟ್ಟೆ ಅನ್ನೋದು ಇಲ್ಲಿ ಹಾಕಲ್ಲ, ಹಾಕಿದ್ರೆ ನಾಳೆನೇ ಅವರು ಆ ದಾರಿ ಮುಚ್ತಾರೆ.

ಈಗ ಚಿಕ್ಕಮ್ಮನ ಮಗ ತಿಪಟೂರಿಂದ ಬಂದಿದಾನೆ, ಮೈನಸ್ ಎಂಟೂವರೆ, ಕಾರ್ನಿಯಾ 540. ಅವನಿಗೂ ಲೆಕ್ಕ ಹಾಕ್ದೆ, ಉಳಿಯೋದು 327, ಶೇಕಡಾ 39 ಚಿಲ್ಲರೆ. ಲೇಸರ್ ಆಗ್ಬೋದು, ಅಂಚಲ್ಲಿದೆ. ಸೋಮವಾರದಿಂದ ಅವನ ಲೆನ್ಸ್ ಡಬ್ಬಿ ನನ್ನ ಬೀರುವಲ್ಲಿದೆ, ಮೂರು ವಾರ ಆದ್ಮೇಲೆ ಮ್ಯಾಪ್ ತೆಗೆಸ್ತೀವಿ.