ಪಾರಿವಾಳ ರೆಕ್ಕೆಯಲ್ಲಿ ಹೊಡೆದರೆ ಬೇಜಾರಾಗಬೇಡಿ
ಹೊಸದಾಗಿ ಪಾರಿವಾಳ ಸಾಕುವವರ ದೂರು ಇದೇ: ನಿನ್ನೆವರೆಗೂ ಕೈಮೇಲೆ ಕೂರುತ್ತಿತ್ತು, ಇವತ್ತು ರೆಕ್ಕೆಯಲ್ಲಿ ಬಾರಿಸಿತು. ಮೊದಲು ಗೂಡು ನೋಡಿ. ಮೊಟ್ಟೆ ಇದೆ ಅಲ್ವಾ? ಅದು ಸಿಟ್ಟಲ್ಲ, ಕಾವಲು. ಸುಮಾರು 18 ದಿನ ಗಂಡು, ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ. ಹಗಲು ಹೊತ್ತು ಹೆಚ್ಚಾಗಿ ಗಂಡಿನ ಪಾಳಿ. ಆಗ ಸುಮ್ನೆ ಕೈ ಹಾಕಬೇಡಿ.

ಕತ್ತು ಉಬ್ಬಿಸಿ, ತಲೆ ಬಗ್ಗಿಸಿ, ಬಾಲದಿಂದ ನೆಲ ಗುಡಿಸುತ್ತಾ ಗುಟುರ್ ಗುಟುರ್ ಅಂತ ಸುತ್ತು ಹಾಕಿದರೆ ಒಲಿಸಿಕೊಳ್ಳುತ್ತಿದೆ ಅಂತ ಅರ್ಥ. ಜೊತೆಯಿಲ್ಲದ ಹಕ್ಕಿ ನಿಮ್ಮ ಕಾಲಿಗೂ ಹೀಗೆ ಸುತ್ತಬಹುದು. ನಮ್ಮ ಬಿಳಿ ಗಂಡು ಬಾಗಿಲ ಬಳಿಯ ಚಪ್ಪಲಿಗೇ ಇಷ್ಟೆಲ್ಲ ಮಾಡುತ್ತದೆ!

ಉಗುರಿನ ಪಕ್ಕ ಕೊಕ್ಕಿನಿಂದ ಮೆಲ್ಲಗೆ ಕೆದಕಿದರೆ ಕಚ್ಚಿತು ಅಂತ ಕೈ ಎಳೆಯಬೇಡಿ. ಜೋಡಿಯ ಪುಕ್ಕ ತೀಡುವುದೂ ಹೀಗೆಯೇ. ನೀವೂ ತಲೆ, ಕತ್ತು ಮೆತ್ತಗೆ ಕೆರೆಯಿರಿ, ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ. ಬೆನ್ನು ಜಾಸ್ತಿ ಸವರಬೇಡಿ, ನಿಮ್ಮನ್ನೇ ಜೋಡಿ ಅಂದುಕೊಂಡೀತು.

ಆದರೆ ಮೈಯೆಲ್ಲ ಉಬ್ಬಿಸಿ, ಮೂಲೆಯಲ್ಲಿ ಮುದುಡಿ ಕೂತು, ಕಾಳು ಮುಟ್ಟದಿದ್ದರೆ ಮುನಿಸು ಅಂದುಕೊಳ್ಳಬೇಡಿ. ಅವತ್ತೇ ಪಶುವೈದ್ಯರಿಗೆ ತೋರಿಸಿ.