ದಿನಾ ಬ್ಯಾಗಿನಲ್ಲಿರುವ ಬೈನಾಕ್ಯುಲರ್: ನಾನು 8×30 ಆರಿಸಿಕೊಂಡದ್ದು ಹೀಗೆ

ವರ್ಷಕ್ಕೊಮ್ಮೆ ರಂಗನತಿಟ್ಟಿಗೋ ಕಬಿನಿಗೋ ಹೋಗುವಾಗ ಬೀರುವಿನಿಂದ ಹೊರಗೆ ತೆಗೆಯುವ ಬೈನಾಕ್ಯುಲರ್ ನನಗೆ ಬೇಕಿರಲಿಲ್ಲ. ಆಫೀಸ್ ಬ್ಯಾಗಿನಲ್ಲಿ ಊಟದ ಡಬ್ಬಿ, ಛತ್ರಿ, ನೀರಿನ ಬಾಟಲಿ ಜೊತೆ ಅದೂ ದಿನಾ ಇರಬೇಕಿತ್ತು. ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಗೆ ಒಂದು ಸುತ್ತು ಹಾಕುವಾಗ ಬೇಕು. ಸಂಜೆ ಲಾಲ್‌ಬಾಗ್ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು, ಕತ್ತಲಾಗುವ ಮುಂಚೆ ಅಲ್ಲಿನ ಕೆರೆ ಕಡೆ ಹೋಗಿ ಬರುವಾಗಲೂ ಬೇಕು. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕನ್ನಡಕ ಹಾಕುವವಳು. ನನ್ನ ಆಯ್ಕೆ ಅರ್ಧ ತೀರ್ಮಾನವಾದದ್ದು ಅದರಿಂದಲೇ.

ಹಕ್ಕಿ ನೋಡುವವರ ಜೊತೆ ಓಡಾಡುವುದರಲ್ಲಿ ಒಂದು ಅನುಕೂಲ ಇದೆ. ಲಾಲ್‌ಬಾಗ್, ಹೆಬ್ಬಾಳ ಕೆರೆ, ಕನಕಪುರ ರಸ್ತೆಯ ವ್ಯಾಲಿ ಸ್ಕೂಲ್ ಸುತ್ತಮುತ್ತ ಭಾನುವಾರ ಬೆಳಗ್ಗೆ ಸೇರುವವರ ಕೊರಳಲ್ಲಿ ತರಹೇವಾರಿ ಬೈನಾಕ್ಯುಲರ್‌ಗಳು ಇರುತ್ತವೆ. "ಒಂದು ನಿಮಿಷ ಕೊಡ್ತೀರಾ?" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಅಂಗಡಿಗೆ ಕಾಲಿಡುವ ಮುಂಚೆ ನಾನು ಹೀಗೆ ಕೇಳಿ ಕೇಳಿ ನೋಡಿದೆ. ಆನ್‌ಲೈನ್‌ನಲ್ಲಿ ಎಷ್ಟು ಓದಿದರೂ ಸಿಗದ ತಿಳಿವಳಿಕೆ ಅದರಿಂದ ಸಿಕ್ಕಿತು.

ಮೊದಲು ಆ ಎರಡು ಸಂಖ್ಯೆಗಳ ವಿಷಯ. 8×42, 10×25, 8×30 ಅಂತೆಲ್ಲ ಬರೆದಿರುತ್ತದೆ ಅಲ್ವಾ? ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಎಲ್ಲರ ಕಣ್ಣು ಮೊದಲನೆಯದರ ಮೇಲೆ ಬೀಳುತ್ತದೆ. ಚಿಕ್ಕ ಬೈನಾಕ್ಯುಲರ್ ಕೊಳ್ಳುವವರು ನೋಡಬೇಕಾದ್ದು ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆ. ಹಿಂದಿನ ಗಾಜಿನಿಂದ ಕಣ್ಣಿಗೆ ಬರುವ ಬೆಳಕಿನ ಅಗಲ ಅದು. ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ. 8×42ರಲ್ಲಿ 5.25 ಮಿ.ಮೀ., 8×30ರಲ್ಲಿ 3.75, 8×25ರಲ್ಲಿ ಸುಮಾರು 3.1, 10×25ರಲ್ಲಿ ಬರೀ 2.5.

ಒಳ್ಳೆ ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ಕುಗ್ಗಿ 2–3 ಮಿ.ಮೀ. ಆಗಿರುತ್ತದೆ. ಆಗ ಜಾಸ್ತಿ ಬೆಳಕು ಕಳಿಸಿದರೂ ಕಣ್ಣು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ನೋಡಿದರೆ 10×25ಕ್ಕೂ 8×42ಕ್ಕೂ ಬೆಳಕಿನಲ್ಲಿ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಬೆಂಗಳೂರಿನಲ್ಲಿ ನಾವು ಹಕ್ಕಿ ನೋಡುವುದು ಯಾವಾಗ? ಬೆಳಗ್ಗೆ ಆರೂವರೆ, ಮಳೆ ಮರದ ದಟ್ಟ ನೆರಳು, ಮೇಲೆ ಮೋಡ. ಆಗ ಪಾಪೆ ಅರಳಿರುತ್ತದೆ, ಬೆಳಕು ಬೇಕು ಅನ್ನುತ್ತದೆ. ಚಿಕ್ಕ ಗಾಜು ಅದನ್ನು ಕೊಡಲಾರದು.

ಇದು ನನಗೆ ಮನದಟ್ಟಾದದ್ದು ಲಾಲ್‌ಬಾಗ್‌ನ ಒಂದು ಹಳೇ ಮರದ ಕೆಳಗೆ. ಪೊಟರೆಯ ಬಾಯಲ್ಲಿ ಹಾಲಕ್ಕಿ, ಅಂದರೆ ಪುಟ್ಟ ಗೂಬೆ, ಕೂತಿತ್ತು. ಪಕ್ಕದವರ 10×25 ತೆಗೆದುಕೊಂಡು ನೋಡಿದೆ. ಕಂದು ಬಣ್ಣದ ಮುದ್ದೆ, ಅದರಲ್ಲಿ ಎರಡು ಹಳದಿ ಕಣ್ಣು, ಅಷ್ಟೇ. ತಕ್ಷಣ ಸ್ನೇಹಿತೆಯ 8×42 ಹಿಡಿದೆ. ನೆತ್ತಿಯ ಮೇಲಿನ ಬಿಳಿ ಚುಕ್ಕೆಗಳು ಒಂದೊಂದೂ ಬಿಡಿಯಾಗಿ ಕಂಡವು. ಕಣ್ಣಿನ ಮೇಲಿನ ಬಿಳಿ ಹುಬ್ಬು ಕಂಡಿತು. ಹಕ್ಕಿ ಅದೇ, ಜಾಗ ಅದೇ. ಹತ್ತು ಪಟ್ಟಿನಲ್ಲಿ ಕಾಣದ್ದು ಎಂಟು ಪಟ್ಟಿನಲ್ಲಿ ಕಂಡಿತು.

ಹಾಗಾದರೆ 8×42 ತಗೊಂಡುಬಿಡಬಹುದಿತ್ತಲ್ಲ ಅಂತ ಕೇಳಬಹುದು. ತೂಕ ನೋಡಿ. ಅದು ಸಾಮಾನ್ಯವಾಗಿ 650ರಿಂದ 800 ಗ್ರಾಂ ಇರುತ್ತದೆ. ಎರಡು ಗಂಟೆ ಕೊರಳಲ್ಲಿದ್ದರೆ ನನಗೆ ಕತ್ತು ಹಿಡಿದುಕೊಳ್ಳುತ್ತಿತ್ತು. ಬ್ಯಾಗಿನಲ್ಲಿ ಹಾಕಿದರೆ ಊಟದ ಡಬ್ಬಿಗೆ ಜಾಗವಿಲ್ಲ. ಭಾನುವಾರದ ಮಟ್ಟಿಗೆ ಸರಿ, ಸೋಮವಾರ ಮನೆಯಲ್ಲೇ ಉಳಿಯುತ್ತದೆ.

ಹತ್ತು ಪಟ್ಟಿನದನ್ನು ಬಿಡಲು ಬೆಳಕೊಂದೇ ಕಾರಣವಲ್ಲ. ಪಟ್ಟು ಹೆಚ್ಚಿದಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ಹಗುರವಾದ ಬೈನಾಕ್ಯುಲರ್ ಕೈಯಲ್ಲಿ ಇನ್ನೂ ಜಾಸ್ತಿ ಅಲುಗುತ್ತದೆ. ಜೊತೆಗೆ ನೋಟದ ಅಗಲ ಕಮ್ಮಿಯಾಗುತ್ತದೆ. ನಮ್ಮ ಬೀದಿಯ ಗಸಗಸೆ ಹಣ್ಣಿನ ಮರಕ್ಕೆ ಬದನಿಕೆ ಹಕ್ಕಿ ಬರುತ್ತದೆ. ಹೆಬ್ಬೆರಳಿನಷ್ಟು ಹಕ್ಕಿ, ಒಂದು ಕಡೆ ಕೂತರೆ ಕೇಳಿ! ಬೈನಾಕ್ಯುಲರ್ ಕಣ್ಣಿಗೆ ಏರಿಸುವಷ್ಟರಲ್ಲಿ ಇನ್ನೊಂದು ಕೊಂಬೆಗೆ ಹಾರಿರುತ್ತದೆ. ಅಂಥದ್ದನ್ನು ಹಿಂಬಾಲಿಸಲು ಅಗಲವಾದ ನೋಟ ಬೇಕು. ಡಬ್ಬದ ಮೇಲೆ ಇದನ್ನು ಡಿಗ್ರಿಯಲ್ಲೋ, 1000 ಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲ ಕಾಣುತ್ತದೆ ಅಂತಲೋ ಬರೆದಿರುತ್ತಾರೆ. 6.3 ಡಿಗ್ರಿ ಅಂದರೆ ಸುಮಾರು 110 ಮೀಟರ್. 8 ಡಿಗ್ರಿ ಅಂದರೆ 140 ಮೀಟರ್. ಮರದ ಎಲೆಗಳ ನಡುವೆ ಹಕ್ಕಿ ಹುಡುಕುವಾಗ ಆ 30 ಮೀಟರ್‌ನ ಬೆಲೆ ಗೊತ್ತಾಗುತ್ತದೆ.

ಇನ್ನು ಕನ್ನಡಕ. ಕನ್ನಡಕ ಹಾಕಿಕೊಂಡು ನೋಡಿದಾಗ ಕಣ್ಣು ಗಾಜಿನಿಂದ ಸ್ವಲ್ಪ ದೂರ ಉಳಿಯುತ್ತದೆ. ಅಷ್ಟು ದೂರದಿಂದಲೂ ಪೂರ್ತಿ ಚಿತ್ರ ಕಾಣಬೇಕಾದರೆ ಐ ರಿಲೀಫ್ (ಪೂರ್ತಿ ಚಿತ್ರ ಕಾಣಲು ಹಿಂದಿನ ಗಾಜಿಗೂ ಕಣ್ಣಿಗೂ ನಡುವೆ ಇರಬಹುದಾದ ದೂರ) ಕನಿಷ್ಠ 15 ಮಿ.ಮೀ. ಇರಬೇಕು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ 8×21ಗಳಲ್ಲಿ ಇದು ಎಷ್ಟೋ ಸಲ 10ರ ಆಸುಪಾಸು. ಅಂಥದ್ದರಲ್ಲಿ ನನಗೆ ನಡುವಿನ ಒಂದು ತುಂಡು ಮಾತ್ರ ಕಾಣುತ್ತಿತ್ತು, ಅಂಚು ಪೂರ್ತಿ ಮಾಯ. ಪರೀಕ್ಷೆ ಸುಲಭ. ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ, ಕನ್ನಡಕದ ಮೇಲೆಯೇ ಇಟ್ಟು ನೋಡಿ. ಸುತ್ತಲೂ ಚೂಪಾದ ಕಪ್ಪು ಅಂಚು ಪೂರ್ತಿ ಕಂಡರೆ ಅದು ನಿಮಗೆ ಆಗುತ್ತದೆ. ಕನ್ನಡಕ ಇಲ್ಲದವರು ಬಟ್ಟಲನ್ನು ಹೊರಕ್ಕೆ ತಿರುಗಿಸಿಕೊಳ್ಳಬೇಕು.

ಕೊನೆಗೆ ಉಳಿದದ್ದು 8×25 ಮತ್ತು 8×30. ಇಲ್ಲಿ ನಾನು ತುಂಬಾ ಯೋಚಿಸಿದೆ. 8×25 ಸುಮಾರು 300 ಗ್ರಾಂ. ಎರಡು ಕಡೆ ಮಡಚಿದರೆ ಜೇಬಿಗೂ ಹೋಗುತ್ತದೆ. 8×30 ಸುಮಾರು 450–480 ಗ್ರಾಂ, ಜೇಬಿಗೆ ಹೋಗುವುದಿಲ್ಲ. ವ್ಯತ್ಯಾಸ ಬರೀ 5 ಮಿ.ಮೀ. ಅನಿಸುತ್ತದೆ. ಆದರೆ ಬೆಳಕು ಒಳಗೆ ಬರುವುದು ಗಾಜಿನ ವಿಸ್ತೀರ್ಣದ ಲೆಕ್ಕದಲ್ಲಿ. 25ರ ವರ್ಗ 625, 30ರ ವರ್ಗ 900. ಅಂದರೆ ಶೇ. 44ರಷ್ಟು ಜಾಸ್ತಿ ಬೆಳಕು. ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಬರುವ ಬೆಳಕು ಅಗಲವಾದಷ್ಟೂ ಕಣ್ಣನ್ನು ಸರಿಯಾದ ಜಾಗದಲ್ಲಿ ಇಡುವುದು ಸುಲಭ. 8×25ರಲ್ಲಿ ಕಣ್ಣು ಒಂದು ಚೂರು ಸರಿದರೂ ಕಪ್ಪು ನೆರಳು ಅಡ್ಡ ಬರುತ್ತಿತ್ತು. 8×30ರಲ್ಲಿ ಏರಿಸಿದ ಕೂಡಲೇ ಚಿತ್ರ ಸಿಗುತ್ತಿತ್ತು. ದಿನಾ ಬಳಸುವ ವಸ್ತುವಿಗೆ ಈ ಸಲೀಸು 150 ಗ್ರಾಂ ತೂಕಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಕನ್ನಡಕ ಇಲ್ಲದವರು, ಬಿಸಿಲಲ್ಲಿ ಬೆಟ್ಟ ಹತ್ತುವವರು, ಮ್ಯಾಚ್ ನೋಡಲು ಒಯ್ಯುವವರು 8×25 ಧಾರಾಳವಾಗಿ ತಗೊಳ್ಳಬಹುದು.

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಚೆನ್ನಾಗೇ ಕಾಣುತ್ತವೆ. ನಾನು ಕೇಳಿಕೊಂಡು ಬಾಗಿಲಿಗೆ ತಂದೆ. ಎದುರು ಕಟ್ಟಡದ ಬೋರ್ಡ್ ಓದಿದೆ. ಆಕಾಶಕ್ಕೆ ಅಡ್ಡವಾಗಿದ್ದ ಕರೆಂಟ್ ತಂತಿ ನೋಡಿದೆ, ಅಂಚಿನಲ್ಲಿ ನೇರಳೆಯೋ ಹಸಿರೋ ಬಣ್ಣ ಒಸರುತ್ತದಾ ಅಂತ. ನಿಲ್ಲಿಸಿದ್ದ ಲಾರಿಯ ಕೆಳಗಿನ ಕತ್ತಲಲ್ಲಿ ಏನು ಕಾಣುತ್ತದೆ ನೋಡಿದೆ. ಆಮೇಲೆ ಬೈನಾಕ್ಯುಲರನ್ನು ಕೈಯಳತೆ ದೂರದಲ್ಲಿ, ಬೆಳಕಿನ ಕಡೆಗೆ ಹಿಡಿದು ಹಿಂದಿನ ಗಾಜು ಗಮನಿಸಿದೆ. ಬೆಳಕಿನ ಬೊಟ್ಟು ಪೂರ್ತಿ ದುಂಡಗಿರಬೇಕು. ಅಂಚು ಕತ್ತರಿಸಿದಂತೆ ಚೌಕಾಕಾರ ಕಂಡರೆ ಒಳಗಿನ ಪ್ರಿಸಂ ಕಡಿಮೆ ದರ್ಜೆಯದ್ದು. ಡಬ್ಬದ ಮೇಲೆ ಬಿಎಕೆ-4 ಪ್ರಿಸಂ (ಒಳ್ಳೆ ದರ್ಜೆಯ ಗಾಜಿನದ್ದು), ಫುಲ್ಲಿ ಮಲ್ಟಿ ಕೋಟೆಡ್ (ಎಲ್ಲ ಗಾಜಿಗೂ ಹಲವು ಪದರದ ಲೇಪ) ಅಂತ ಇರಲಿ. ನೆಟ್ಟಗಿನ ಕೊಳವೆಯಂಥ ರೂಫ್ ಪ್ರಿಸಂ ಮಾದರಿಯಾದರೆ ಪ್ರಿಸಂ ಮೇಲೆ ಫೇಸ್ (phase) ಕೋಟಿಂಗ್ ಅನ್ನುವ ಲೇಪ ಇದೆಯಾ ಅಂತಲೂ ಕೇಳಿ. ಚಿತ್ರದ ಚೂಪು ಅದರಿಂದ ಹೆಚ್ಚುತ್ತದೆ. ತೋರಿಸಿದ ಪೀಸ್ ಒಂದು, ಪ್ಯಾಕ್ ಮಾಡುವ ಪೀಸ್ ಇನ್ನೊಂದು ಆಗದಿರಲಿ. ಎರಡು ಕೊಳವೆ ಒಂದೇ ನೇರದಲ್ಲಿ ಇಲ್ಲದಿದ್ದರೆ ಐದು ನಿಮಿಷಕ್ಕೆ ಕಣ್ಣು ಜಗ್ಗಿದಂತೆ ಆಗುತ್ತದೆ. ಹಾಗಾಗಿ ಮನೆಗೆ ಒಯ್ಯುವುದನ್ನೇ ನೋಡಬೇಕು.

ಅಂಗೈಯಷ್ಟಿದ್ದು ಮೇಲೆ 30×60 ಅಂತ ಬರೆದಿರುವುದು, ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದು, ಇವನ್ನು ಮುಟ್ಟಲೇಬೇಡಿ. ಮುಂದಿನ ಗಾಜಿಗೆ ಸ್ಕೇಲ್ ಹಿಡಿದರೆ 60 ಮಿ.ಮೀ. ಎಲ್ಲಿದೆ ಅಂತ ಗೊತ್ತಾಗುತ್ತದೆ. ಜೂಮ್ ಇರುವುದೂ ಬೇಡ, ನೋಟದ ಅಗಲ ತೀರಾ ಕಮ್ಮಿ.

ತಂದಮೇಲೆ ಹೊಂದಿಸಿಕೊಳ್ಳದೆ ಸುಮ್ನೆ ನೋಡಿದರೆ ಒಳ್ಳೇದೂ ಕೆಟ್ಟದಾಗಿ ಕಾಣುತ್ತದೆ. ಕೆರೆ ಹತ್ತಿರ ಮೊಮ್ಮಗನ ಜೊತೆ ವಾಕಿಂಗ್ ಬರುವ ಅಜ್ಜಿಯೊಬ್ಬರು ಒಂದು ದಿನ ನಿಂತು, "ಏನಮ್ಮಾ ಅಷ್ಟು ಹೊತ್ತಿಂದ ನೋಡ್ತಿದೀಯಾ?" ಅಂದರು. "ಜಂಬುಕೋಳಿ ಅಜ್ಜಿ, ಆ ಜೊಂಡಿನ ಹತ್ತಿರ. ನೀವೂ ನೋಡಿ" ಅಂತ ಕೊಟ್ಟೆ. "ಎರಡು ತೂತು ಕಾಣ್ತಿದೆ, ಕೋಳಿ ಎಲ್ಲಿ?" ಅಂದರು. ಕೊಳವೆಗಳನ್ನು ನಿಧಾನವಾಗಿ ಒಳಕ್ಕೆ ಮಡಚಿದೆ. ಎರಡು ವೃತ್ತ ಒಂದಾಗುವವರೆಗೆ ಮಡಚುತ್ತಾ ಹೋಗಬೇಕು. "ಅಯ್ಯೋ, ಕಾಲು ಎಷ್ಟು ಕೆಂಪಗಿದೆ ನೋಡು!" ಅಂದರು ಅಜ್ಜಿ. ಮೊಮ್ಮಗನಿಗೆ ಇನ್ನೂ ಮಡಚಬೇಕಾಯಿತು. ಮಕ್ಕಳ ಕಣ್ಣುಗಳ ನಡುವೆ ಅಂತರ ಕಮ್ಮಿ. ಮನೆಯಲ್ಲಿ ಮಕ್ಕಳೂ ಬಳಸುತ್ತಾರೆ ಅಂದರೆ ಎಷ್ಟು ಹತ್ತಿರಕ್ಕೆ ಮಡಚಬಹುದು ಅಂತ ಅಂಗಡಿಯಲ್ಲೇ ನೋಡಿ. ಈ ವಿಷಯದಲ್ಲಿ 8×25 ಮುಂದು.

ಎರಡನೇ ಹೊಂದಾಣಿಕೆ ಬಲಗಣ್ಣಿನ ಹತ್ತಿರ ಇರುವ ಡಯಾಪ್ಟರ್ ಬಳೆಯದ್ದು, ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವುದು ಅದು. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಚೂಪಾಗಿ ಕಾಣುವವರೆಗೆ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಣ್ಣು ಮುಚ್ಚಿ, ಅದೇ ವಸ್ತುವನ್ನು ನೋಡುತ್ತಾ ಡಯಾಪ್ಟರ್ ಬಳೆ ಮಾತ್ರ ತಿರುಗಿಸಿ. ಒಮ್ಮೆ ಹೀಗೆ ಮಾಡಿ ಅದು ಯಾವ ಗುರುತಿನಲ್ಲಿ ನಿಂತಿತು ಅಂತ ನೆನಪಿಟ್ಟುಕೊಂಡರೆ, ಬೇರೆಯವರಿಗೆ ಕೊಟ್ಟು ವಾಪಸ್ ತಗೊಂಡಾಗ ಕಷ್ಟವಾಗುವುದಿಲ್ಲ. ಗರುಡನ ಹಿಂದೆ ಆಕಾಶದಲ್ಲಿ ಹೋಗುವಾಗ ಸೂರ್ಯ ಎಲ್ಲಿದ್ದಾನೆ ಅನ್ನುವ ಎಚ್ಚರ ಇರಲಿ. ಒಂದು ಕ್ಷಣ ಸೂರ್ಯ ಕಂಡರೂ ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಮಗು ಕೈಗೆ ಕೊಟ್ಟಾಗಲಂತೂ ಪಕ್ಕದಲ್ಲೇ ನಿಲ್ಲುತ್ತೇನೆ.

ಚಿಟ್ಟೆ ನೋಡುವ ಆಸೆ ಇದ್ದರೆ ಎಷ್ಟು ಹತ್ತಿರದ್ದು ಫೋಕಸ್ ಆಗುತ್ತದೆ ಅಂತಲೂ ವಿಚಾರಿಸಿ. ನನ್ನದು ಸುಮಾರು ಎರಡು ಮೀಟರ್, ಲಂಟಾನ ಪೊದೆಯ ಚಿಟ್ಟೆಗೆ ಸಾಕು. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಜೇಡ ಇವೇ ಮುಖ್ಯ ಅನ್ನುವವರಿಗೆ ಪೆಂಟಾಕ್ಸ್ ಪಾಪಿಲಿಯೊ 6.5×21 ಅಂತ ಒಂದಿದೆ. ಅರ್ಧ ಮೀಟರ್ ದೂರದ್ದೂ ಫೋಕಸ್ ಆಗುತ್ತದೆ, ತೂಕ 290 ಗ್ರಾಂ. ಆದರೆ ಅದು ವಾಟರ್‌ಪ್ರೂಫ್ ಅಲ್ಲ.

ನಮ್ಮೂರಲ್ಲಿ ವಾಟರ್‌ಪ್ರೂಫ್ ಬೇಕೇ ಬೇಕು ಅನ್ನುವುದು ನನ್ನ ಹಟ. ಮೇ ತಿಂಗಳ ಸಂಜೆ ಮಳೆ ಹೇಳಿ ಬರುವುದಿಲ್ಲ. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದಾದರೆ ನೀರು ಹೋಗುವುದಿಲ್ಲ, ಗಾಜಿನ ಒಳಮೈಗೆ ಮಂಜು ಕಟ್ಟುವುದಿಲ್ಲ. ಆದರೂ ಮಳೆಗಾಲದಲ್ಲಿ ಒದ್ದೆ ಚೀಲದೊಳಗೇ ಬಿಟ್ಟರೆ ಗಾಜಿಗೆ ಬೂಷ್ಟು ಹಿಡಿಯಬಹುದು. ಮನೆಗೆ ಬಂದ ಕೂಡಲೇ ಒರೆಸಿ, ಫ್ಯಾನ್ ಕೆಳಗೆ ಆರಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುತ್ತೇನೆ. ಗಾಜನ್ನು ಸೆರಗಿನಿಂದಲೋ ದುಪಟ್ಟಾದಿಂದಲೋ ಒರೆಸಬೇಡಿ. ಬೆಂಗಳೂರಿನ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಉಜ್ಜಿದರೆ ಕೋಟಿಂಗ್ ಗೀರುತ್ತದೆ. ಮೊದಲು ರಬ್ಬರ್ ಪಂಪಿನಿಂದ ಗಾಳಿ ಊದಿ ಧೂಳು ಹಾರಿಸಬೇಕು. ಉಳಿದದ್ದನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಬೇಕು. ಕೊನೆಗೆ ಕನ್ನಡಕದ ಬಟ್ಟೆ.

ಜೊತೆಗೆ ಬಂದಿದ್ದ ತೆಳು ದಾರ ತೆಗೆದು, ಭುಜಕ್ಕೆ ಅಡ್ಡಲಾಗಿ ಹಾಕುವ ಅಗಲ ಪಟ್ಟಿ ಹಾಕಿಸಿಕೊಂಡಿದ್ದೇನೆ. ಬೈನಾಕ್ಯುಲರ್ ಸೊಂಟದ ಹತ್ತಿರ ಕೂರುತ್ತದೆ, ಬಗ್ಗಿದರೆ ತೂಗಾಡುವುದಿಲ್ಲ, ಮೇಲೆ ದುಪಟ್ಟಾ ಹಾಕಿಕೊಂಡರೆ ಮೆಟ್ರೊ ರಶ್ಶಿನಲ್ಲೂ ಯಾರಿಗೂ ತಾಗುವುದಿಲ್ಲ.